ಬಲಗಡೆ ಯಾವುದು? ಗುರುತಿಸುವುದಕ್ಕೂ ಕಲಿಸುವುದಕ್ಕೂ ದಾರಿ ಹೇಳುವುದಕ್ಕೂ ಸಮಗ್ರ ಮಾರ್ಗದರ್ಶಿ

ಮಗುವಿಗೆ ಎಡಬಲ ಕಲಿಸುವ ತಂದೆತಾಯಿಗಳು, ಮೈದಾನದಲ್ಲಿ ಕವಾಯತು ಮಾಡಿಸುವ ಶಿಕ್ಷಕರು, ಫೋನಿನಲ್ಲಿ ಮನೆಯ ದಾರಿ ಹೇಳುವವರು, ‘ಬಲಕ್ಕೆ’ ಎಂದು ಕೇಳಿಸಿಕೊಂಡೂ ಎಡಕ್ಕೆ ತಿರುಗಿಬಿಡುವ ಸವಾರರು, ಇವರೆಲ್ಲ ಸೋಲುವುದು ಬಹುಮಟ್ಟಿಗೆ ಒಂದೇ ಜಾಗದಲ್ಲಿ. ಬಲ ಎಂಬುದು ಯಾವುದೋ ಒಂದು ದೇಹಕ್ಕೆ ಸೇರಿದ ದಿಕ್ಕು. ಆ ದೇಹ ಯಾರದು, ಅದರ ಮುಖ ಎತ್ತ ಇದೆ ಎಂಬ ಎರಡು ಸಂಗತಿಗಳನ್ನು ನಿಶ್ಚಯಿಸದೆಯೇ ಬಲ ಯಾವುದೆಂದು ಹೇಳಲು ಹೊರಟಾಗ ಗೊಂದಲ ಹುಟ್ಟುತ್ತದೆ. ಮೂಡಣ ಪಡುವಣಗಳು ನೆಲಕ್ಕೆ ಅಂಟಿಕೊಂಡಿರುವ ದಿಕ್ಕುಗಳಾದ್ದರಿಂದ ನಾವು ತಿರುಗಿದರೂ ಅವು ತಿರುಗುವುದಿಲ್ಲ. ಬಲವಾದರೋ ನಮ್ಮೊಡನೆಯೇ ಸುತ್ತುತ್ತದೆ.

ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಅನುಸರಿಸಬೇಕು. ನಾಲ್ಕನೆಯ ಹಂತದಿಂದ ಆರಂಭಿಸಿದ ಕಾರಣಕ್ಕೇ ಕೆಟ್ಟುಹೋಗುವ ಪಾಠಗಳು ಬಹಳ.

ಆರಂಭಿಸುವ ಮೊದಲು: ಬೇಕಾದ ಸಾಮಗ್ರಿ ಮತ್ತು ಒಂದು ತಿಳಿವಳಿಕೆ

ಒಂದು ಬಣ್ಣದ ದಾರ ಅಥವಾ ರಿಬ್ಬನ್, ಸೀಮೆಸುಣ್ಣ, ಮುಖವಿರುವ ಒಂದು ಗೊಂಬೆ, ಒಂದು ಆಟಿಕೆಯ ಕಾರು, ಮುಂದು ಹಿಂದು ಎಂಬುದಿಲ್ಲದ ಮೂರು ಸಣ್ಣ ವಸ್ತುಗಳು (ನಾಣ್ಯ, ಗುಂಡಿ, ಬೆಣಚುಕಲ್ಲು ಯಾವುದಾದರೂ ಆದೀತು), ನಿಮ್ಮ ಬೀದಿಯ ಕೈಬರಹದ ನಕ್ಷೆ ಇಷ್ಟಿದ್ದರೆ ಸಾಕು. ಕನ್ನಡಿಯನ್ನು ಸದ್ಯಕ್ಕೆ ದೂರವಿಡಿ.

ತಿಳಿದಿರಬೇಕಾದ ಸಂಗತಿ ಇದು. ತಲೆಗೂ ಕಾಲಿಗೂ ಹೋಲಿಕೆಯಿಲ್ಲ, ಎದೆಗೂ ಬೆನ್ನಿಗೂ ಹೋಲಿಕೆಯಿಲ್ಲ. ಆದ್ದರಿಂದ ಮೇಲೆ ಕೆಳಗೆ, ಮುಂದೆ ಹಿಂದೆ ಎಂಬುವು ಮಕ್ಕಳಿಗೆ ಬೇಗ ಒಲಿಯುತ್ತವೆ. ಮೈಯ ಎರಡು ಪಕ್ಕಗಳಾದರೋ ಹೊರನೋಟಕ್ಕೆ ಒಂದೇ ತೆರನಾಗಿವೆ. ಹೀಗಾಗಿ ಬಲ ಯಾವುದೆಂಬುದನ್ನು ಬರಿಯ ಮಾತಿನಿಂದ ವಿವರಿಸಲಾಗುವುದಿಲ್ಲ, ಒಮ್ಮೆಯಾದರೂ ಮುಟ್ಟಿ ತೋರಿಸಲೇಬೇಕು. ‘ಬಲ ಎಂದರೆ ಎಡವಲ್ಲದ್ದು’ ಎಂಬ ವಿವರಣೆಯಿಂದ ಯಾರೂ ಏನನ್ನೂ ಕಲಿತಿಲ್ಲ.

ಹಂತ 1: ಗುರುತಿನ ಕೈಯನ್ನು ನಿಶ್ಚಯಿಸಿ

ಮೊದಲು ಬಲಗೈಯನ್ನು ಮಾತ್ರ ಕಲಿಸಿ, ಎಡದ ಹೆಸರನ್ನೇ ಎತ್ತಬೇಡಿ. ಎರಡು ಹೆಸರುಗಳನ್ನು ಒಂದೇ ದಿನ ಕೊಟ್ಟರೆ ಎರಡು ಹೆಸರುಗಳಿವೆ ಎಂಬುದಷ್ಟೇ ಮಗುವಿನ ನೆನಪಿನಲ್ಲಿ ಉಳಿಯುತ್ತದೆ. ಯಾವುದು ಯಾವುದಕ್ಕೆ ಎಂಬುದು ಅಳಿಸಿಹೋಗುತ್ತದೆ. ಬಲ ಮುಂಗೈಗೆ ದಾರ ಕಟ್ಟಿ, ಕೆಲವು ವಾರಗಳ ಕಾಲ ಅದೇ ಕೈಗೆ ಸಂಬಂಧಿಸಿದ ಕೆಲಸಗಳನ್ನು ಹೇಳಿ: ಬಲಗೈ ತೋಳನ್ನು ಮೊದಲು ಹಾಕಿಕೋ, ಬಲಗಾಲಿನ ಚಪ್ಪಲಿಯನ್ನು ಮೊದಲು ಮೆಟ್ಟು, ಬಲಗಿವಿಯನ್ನು ಮುಟ್ಟು. ಕೈಯಿಂದ ಕಾಲಿಗೆ, ಕಿವಿಗೆ, ಭುಜಕ್ಕೆ ಹೆಸರು ಹಬ್ಬಿದ ಮೇಲೆ ಅದು ಒಂದು ಅಂಗದ ಹೆಸರಾಗಿ ಉಳಿಯದೆ ಒಂದು ಪಕ್ಕದ ಹೆಸರಾಗುತ್ತದೆ.

ನಮ್ಮ ಮನೆಗಳಲ್ಲಿ ‘ಊಟ ಮಾಡುವ ಕೈ’ ಎಂಬ ಗುರುತು ಬಳಕೆಯಲ್ಲಿದೆ ಮತ್ತು ಅದು ಒಳ್ಳೆಯ ಗುರುತೇ. ಆದರೆ ‘ಬರೆಯುವ ಕೈ’ ಎಂಬುದನ್ನು ಇಡೀ ತರಗತಿಗೆ ಹೇಳಬೇಡಿ. ಹತ್ತರಲ್ಲಿ ಸುಮಾರು ಒಬ್ಬರು ಎಡಗೈಯಲ್ಲಿ ಬರೆಯುವವರಿರುತ್ತಾರೆ. ಆ ಮಗು ನಿಮ್ಮ ಮಾತನ್ನು ಶ್ರದ್ಧೆಯಿಂದ ನಂಬಿದಷ್ಟೂ ತಪ್ಪು ಆಳಕ್ಕಿಳಿಯುತ್ತದೆ. ಎಡಗೈ ರೂಢಿಯ ಮಗುವಿನ ಕೈಯನ್ನು ಬದಲಿಸುವ ಪ್ರಯತ್ನವೂ ಬೇಡ. ‘ನೀನು ಬರೆಯದ ಕೈಯೇ ಬಲಗೈ’ ಎಂದು ಅದಕ್ಕೆ ಪ್ರತ್ಯೇಕವಾಗಿ ಹೇಳಿದರೆ ಸಾಕು.

ಎಡಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಬಿಡಿಸಿ ಇಂಗ್ಲಿಷಿನ ‘ಎಲ್’ ಅಕ್ಷರ ನೋಡುವ ಉಪಾಯವನ್ನು ಬಹಳ ಮಂದಿ ಹೇಳಿಕೊಡುತ್ತಾರೆ. ಕೈಗಳ ಹಿಂಭಾಗ ನಿಮ್ಮ ಕಣ್ಣಿನ ಕಡೆಗಿದ್ದರೆ ಮಾತ್ರ ಅದು ಸರಿ. ಅಂಗೈಗಳನ್ನು ನಿಮ್ಮ ಕಡೆಗೆ ತಿರುಗಿಸಿದರೆ ಬಲಗೈಯೇ ‘ಎಲ್’ ಆಗಿ ಕಾಣುತ್ತದೆ. ಅಲ್ಲದೆ, ಅಕ್ಷರಗಳನ್ನು ತಿರುವುಮುರುವಾಗಿ ಬರೆಯುವ ವಯಸ್ಸಿನ ಮಗುವಿಗೆ ಯಾವ ‘ಎಲ್’ ಸರಿಯೆಂಬುದೇ ತಿಳಿದಿರುವುದಿಲ್ಲ. ದಾರವೇ ಮೇಲು.

ಮುಂದಿನ ಹಂತಕ್ಕೆ ಹೋಗಬಹುದೆಂಬ ಸೂಚನೆ: ದಾರ ಬಿಚ್ಚಿದ ಮೇಲೂ, ಕಣ್ಣು ಮುಚ್ಚಿಸಿ ಕೇಳಿದಾಗಲೂ ಉತ್ತರ ತಡವಾಗದೆ ಬರಬೇಕು.

ಹಂತ 2: ಮುಖ ಎತ್ತ ಇದೆ ಎಂಬುದನ್ನು ಮೊದಲು ಹೇಳಿಸಿ

ಕಲಿಯುವವರನ್ನು ಕೋಣೆಯ ನಡುವೆ ನಿಲ್ಲಿಸಿ, ‘ನಿನ್ನ ಎದುರಿಗೆ ಏನಿದೆ?’ ಎಂದು ಕೇಳಿ. ಬಾಗಿಲು ಎಂದು ಉತ್ತರ ಬಂದ ನಂತರವೇ ‘ನಿನ್ನ ಬಲಗಡೆಗೆ ಏನಿದೆ?’ ಎಂದು ಕೇಳಿ. ಈ ಎರಡು ಪ್ರಶ್ನೆಗಳ ಕ್ರಮವನ್ನು ಎಂದಿಗೂ ಬದಲಿಸಬೇಡಿ. ಮುಖದ ದಿಕ್ಕನ್ನು ನಿಶ್ಚಯಿಸಿ ಆಮೇಲೆ ಪಕ್ಕವನ್ನು ಹುಡುಕುವ ಅಭ್ಯಾಸ ಈಗ ಬೇರೂರಿದರೆ, ಮುಂದೆ ನಕ್ಷೆಯಲ್ಲಿಯೂ ರಸ್ತೆಯಲ್ಲಿಯೂ ಅದೇ ಕೈಹಿಡಿಯುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಕುತ್ತಿಗೆ. ದಿಕ್ಕನ್ನು ನಿರ್ಧರಿಸುವುದು ಎದೆಯೇ ಹೊರತು ಕಣ್ಣಲ್ಲ. ಮಗು ತಲೆಯನ್ನಷ್ಟೇ ಕಿಟಕಿಯ ಕಡೆ ಹೊರಳಿಸಿ, ಈಗ ಕಿಟಕಿ ತನ್ನ ‘ಎದುರಿಗೆ’ ಇದೆಯೆಂದುಕೊಂಡು ಉತ್ತರಿಸಿದರೆ ಅದನ್ನು ಆಗಲೇ ತಿದ್ದಬೇಕು. ಎದೆಯ ಮೇಲೊಂದು ಕಾಗದದ ಬಾಣವನ್ನು ಅಂಟಿಸಿದರೆ ಇದು ಸುಲಭವಾಗುತ್ತದೆ.

ಹಂತ 3: ತಿರುಗಿಸಿ ನೋಡಿ

ಎರಡನೆಯ ಹಂತದಲ್ಲಿ ನಿಲ್ಲಿಸಿಬಿಟ್ಟ ಪಾಠವು ‘ಬಲಗಡೆ ಎಂದರೆ ಕಿಟಕಿಯಿರುವ ಕಡೆ’ ಎಂಬ ತಪ್ಪು ತಿಳಿವಳಿಕೆಯನ್ನು ಬಿಟ್ಟುಹೋಗುತ್ತದೆ. ಆದ್ದರಿಂದ ಅದೇ ಜಾಗದಲ್ಲಿ ಅರ್ಧ ಸುತ್ತು ತಿರುಗಿಸಿ, ಅವೇ ಎರಡು ಪ್ರಶ್ನೆಗಳನ್ನು ಮತ್ತೆ ಕೇಳಿ. ಬಲಕ್ಕಿದ್ದ ಕಿಟಕಿ ಈಗ ಎಡಕ್ಕೆ ಬಂದಿರುತ್ತದೆ, ಕಿಟಕಿ ಅಲುಗಿಲ್ಲ. ಕಾಲು ಸುತ್ತು ತಿರುಗಿದರೆ ಅದು ಎದುರಿಗೋ ಬೆನ್ನಿಗೋ ಬರುತ್ತದೆ. ಎಡ ಎಂಬ ಹೆಸರನ್ನು ಬಳಕೆಗೆ ತರಲು ಇದೇ ಸರಿಯಾದ ಸಮಯ.

ಕವಾಯತಿನ ‘ಬಲಕ್ಕೆ ತಿರುಗು’ ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಬಲ ಹಿಮ್ಮಡಿ ಮತ್ತು ಎಡಗಾಲಿನ ತುದಿಯ ಮೇಲೆ ತೊಂಬತ್ತು ಡಿಗ್ರಿ ತಿರುಗಿಸಿ. ಹಾಗೆ ನಾಲ್ಕು ಬಾರಿ ತಿರುಗಿದವರು ಮೊದಲಿನ ದಿಕ್ಕಿಗೇ ಮುಖ ಮಾಡಿರಬೇಕು. ಎಲ್ಲೋ ಒಂದು ತಿರುವು ಎಡಕ್ಕಾಗಿದ್ದರೆ ಕೊನೆಯಲ್ಲಿ ಮುಖ ಬೇರೆಡೆಗಿರುತ್ತದೆ. ತಪ್ಪನ್ನು ನೀವು ಹೇಳಬೇಕಾಗುವುದಿಲ್ಲ.

ಇದಕ್ಕಿಂತ ಒಂದು ಮೆಟ್ಟಿಲು ಮೇಲಿನ ಅಭ್ಯಾಸ ಪ್ರದಕ್ಷಿಣೆಯದು. ಅಂಗಳದ ತುಳಸಿಕಟ್ಟೆಯನ್ನೋ ಒಂದು ಕುರ್ಚಿಯನ್ನೋ ಸದಾ ಬಲಕ್ಕೇ ಇಟ್ಟುಕೊಂಡು ಒಂದು ಸುತ್ತು ನಡೆಯಲು ಹೇಳಿ. ನಡೆಯುವವರ ಮುಖ ನಾಲ್ಕು ದಿಕ್ಕುಗಳಿಗೂ ತಿರುಗುತ್ತದೆ, ಆದರೆ ಕಟ್ಟೆ ಮಾತ್ರ ಬಲಗೈಯ ಕಡೆಗೇ ಉಳಿಯುತ್ತದೆ. ನಮ್ಮ ರಸ್ತೆಗಳ ವೃತ್ತಗಳಲ್ಲಿ ನಡೆಯುವುದೂ ಇದೇ: ಎಡಬದಿಯ ಸಂಚಾರವಾದ್ದರಿಂದ ನಡುವಿನ ದಿಬ್ಬ ಚಾಲಕರ ಬಲಕ್ಕಿರುತ್ತದೆ, ವಾಹನಗಳು ಪ್ರದಕ್ಷಿಣೆಯಾಗಿಯೇ ಸುತ್ತುತ್ತವೆ.

ಅಂದಹಾಗೆ, ಬಸ್ಸಿನಲ್ಲಿ ಕಂಡಕ್ಟರು ‘ರೈಟ್, ರೈಟ್’ ಎಂದಾಗ ಬಸ್ಸು ನೇರವಾಗಿ ಹೊರಡುವುದನ್ನು ನೋಡಿ ಎಷ್ಟೋ ಮಕ್ಕಳು ತಬ್ಬಿಬ್ಬಾಗುತ್ತಾರೆ. ಅದು ‘ಹೊರಡಿ’ ಎಂಬ ಸೂಚನೆ ಮಾತ್ರವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹಂತ 4: ಎದುರಿಗೆ ನಿಂತವರ ಬಲ

ಅತಿ ಹೆಚ್ಚು ಮಂದಿ ಬೀಳುವುದು ಇಲ್ಲಿ, ಮತ್ತು ಬೀಳಿಸುವವರು ಸಾಮಾನ್ಯವಾಗಿ ಕಲಿಸುವವರೇ. ಶಿಕ್ಷಕರು ಮಕ್ಕಳಿಗೆ ಎದುರಾಗಿ ನಿಂತು ‘ಬಲಗೈ ಎತ್ತಿ’ ಎನ್ನುತ್ತ ತಮ್ಮ ಬಲಗೈಯನ್ನು ಎತ್ತುತ್ತಾರೆ. ಮಕ್ಕಳು ಕಣ್ಣಿಗೆ ಕಂಡದ್ದನ್ನು ಅನುಸರಿಸಿ ಎಡಗೈ ಎತ್ತುತ್ತಾರೆ, ಏಕೆಂದರೆ ಎದುರಿಗೆ ನಿಂತವರ ಬಲಗೈ ನೋಡುವವರ ಎಡಗಡೆಗೆ ಕಾಣುತ್ತದೆ. ಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ.

ಪರಿಹಾರಗಳು ಎರಡು. ಆರಂಭದಲ್ಲಿ ಮಕ್ಕಳಿಗೆ ಬೆನ್ನು ತಿರುಗಿಸಿ, ಅವರು ನೋಡುವ ದಿಕ್ಕಿಗೇ ನೀವೂ ನಿಂತು ಮಾಡಿ ತೋರಿಸಿ. ಎದುರಾಗಿಯೇ ನಿಲ್ಲಬೇಕಾದ ಸಂದರ್ಭದಲ್ಲಿ ‘ಬಲಗೈ’ ಎಂದು ಹೇಳುತ್ತ ನಿಮ್ಮ ಎಡಗೈಯನ್ನು ಎತ್ತಿ. ನೃತ್ಯ ಮತ್ತು ಯೋಗದ ಶಿಕ್ಷಕರಲ್ಲಿ ಅನೇಕರು ರೂಢಿಸಿಕೊಂಡಿರುವ ಕ್ರಮವಿದು. ಎರಡರಲ್ಲಿ ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ. ಒಂದು ದಿನ ಹಾಗೆ, ಇನ್ನೊಂದು ದಿನ ಹೀಗೆ ಮಾಡುವ ಶಿಕ್ಷಕರಿಂದ ಆಗುವ ಹಾನಿಯನ್ನು ಸರಿಪಡಿಸಲು ಬಹಳ ಕಾಲ ಬೇಕು.

ಎದುರಿನವರ ಬಲವನ್ನು ಗುರುತಿಸುವುದನ್ನು ನಿಜವಾಗಿ ಕಲಿಸುವಾಗ ಗೊಂಬೆಯನ್ನು ಬಳಸಿ. ಮೊದಲು ಗೊಂಬೆಯ ಬೆನ್ನು ಮಗುವಿನ ಕಡೆಗಿರಲಿ, ಗೊಂಬೆಯ ಬಲಗೈಗೆ ದಾರ ಕಟ್ಟಲಿ. ನಂತರ ಗೊಂಬೆಯನ್ನು ನಿಧಾನವಾಗಿ, ದಾರವಿರುವ ಕೈ ಎತ್ತ ಹೋಗುತ್ತದೆಂದು ಮಗು ಕಾಣುವಂತೆ, ಅರ್ಧ ಸುತ್ತು ತಿರುಗಿಸಿ. ಕೊನೆಗೆ ದಾರ ಬಿಚ್ಚಿ, ಗೊಂಬೆಯನ್ನು ಎದುರುಮುಖವಾಗಿಯೇ ಇಟ್ಟು ಕೇಳಿ. ಉತ್ತರ ತಿಳಿಯದಿದ್ದರೆ ‘ನೀನೇ ಹೋಗಿ ಅಲ್ಲಿ ನಿಂತುಕೋ’ ಎನ್ನಿ. ಎದ್ದು ಹೋಗಿ ಅದೇ ಜಾಗದಲ್ಲಿ ಅದೇ ದಿಕ್ಕಿಗೆ ನಿಂತು ನೋಡುವುದಕ್ಕಿಂತ ಭದ್ರವಾದ ವಿಧಾನ ಇನ್ನೊಂದಿಲ್ಲ. ‘ಎದುರಿಗಿದ್ದರೆ ಅದಲುಬದಲು’ ಎಂಬ ಸೂತ್ರವನ್ನು ಬಾಯಿಪಾಠ ಮಾಡಿಸಬೇಡಿ. ಪಕ್ಕಕ್ಕೆ ತಿರುಗಿ ನಿಂತವರ ವಿಷಯದಲ್ಲಿ ಆ ಸೂತ್ರ ಏನನ್ನೂ ಹೇಳುವುದಿಲ್ಲ.

ವಯಸ್ಸಿನ ಬಗ್ಗೆ ಆತುರ ಬೇಡ. ಮನೋವಿಜ್ಞಾನಿ ಜೀನ್ ಪಿಯಾಜೆ ಗುರುತಿಸಿದ ಕ್ರಮದಂತೆ ಮಕ್ಕಳು ಸುಮಾರು 5ರಿಂದ 8ರ ವಯಸ್ಸಿನಲ್ಲಿ ತಮ್ಮ ಎಡಬಲವನ್ನೂ, 8ರಿಂದ 11ರ ನಡುವೆ ಎದುರಿನವರ ಎಡಬಲವನ್ನೂ, ಅದಾದ ಮೇಲೆ ವಸ್ತುಗಳ ನಡುವಿನ ಎಡಬಲ ಸಂಬಂಧವನ್ನೂ ಗ್ರಹಿಸುತ್ತಾರೆ. ಆರು ವರ್ಷದ ಮಗು ಎದುರಿನವರ ಬಲಗೈಯನ್ನು ತಪ್ಪಾಗಿ ತೋರಿಸಿದರೆ ಅದು ದಡ್ಡತನವಲ್ಲ, ಇನ್ನೂ ಕಾಲ ಬಂದಿಲ್ಲ ಎಂದಷ್ಟೇ ಅರ್ಥ.

ಕನ್ನಡಿಯನ್ನು ಹೊರತೆಗೆಯುವುದು ಈ ಹಂತ ಮುಗಿದ ಮೇಲೆ. ಬಲಗೈ ಎತ್ತಿದರೆ ಬಿಂಬದ ಎತ್ತಿದ ಕೈಯೂ ನಿಮ್ಮ ಬಲಗಡೆಗೇ ಕಾಣುತ್ತದೆ. ಕನ್ನಡಿಯು ತಿರುಗಿಸುವುದು ಮುಂದು ಹಿಂದನ್ನು. ಬಿಂಬವನ್ನು ನಮ್ಮೆದುರಿಗೆ ತಿರುಗಿ ನಿಂತ ಇನ್ನೊಬ್ಬ ಮನುಷ್ಯನೆಂದು ಭಾವಿಸಿದಾಗ ಮಾತ್ರ ‘ಅವನು’ ಎಡಗೈ ಎತ್ತಿದಂತೆ ತೋರುತ್ತದೆ.

ಹಂತ 5: ವಸ್ತುಗಳ ಬಲ, ನದಿಯ ಬಲ, ಮೂರ್ತಿಯ ಬಲ

ಬಲವನ್ನು ಹೇಳುವ ಮೊದಲು ವಸ್ತುವಿಗೆ ಸ್ವಂತ ಮುಖವಿದೆಯೇ ಎಂದು ಕೇಳಿಕೊಳ್ಳಿ.

ಮುಖವಿರುವ ವಸ್ತುಗಳಿಗೆ ಸ್ವಂತ ಬಲವಿರುತ್ತದೆ. ಕಾರಿನ ಬಲಚಕ್ರ ಎಂದರೆ ಚಾಲಕನಂತೆ ಮುಂದೆ ನೋಡುತ್ತ ಕುಳಿತಾಗ ಬಲಕ್ಕೆ ಬರುವ ಚಕ್ರ. ಬಾನೆಟ್ ಎತ್ತಿ ಎದುರಿನಿಂದ ಬಗ್ಗಿ ನೋಡುವ ಮೆಕ್ಯಾನಿಕ್ಕಿಗೆ ಅದು ಎಡಗೈ ಕಡೆಗಿರುತ್ತದೆ. ಕುರ್ಚಿಯ ಬಲಗೈ ಎಂದರೆ ಕುಳಿತವರ ಬಲ. ಹಡಗಿನಲ್ಲಿ ಮುಂಭಾಗಕ್ಕೆ ಮುಖ ಮಾಡಿದಾಗ ಬಲಕ್ಕಿರುವ ಪಕ್ಕಕ್ಕೆ ಹಸಿರು ದೀಪ, ಎಡಕ್ಕಿರುವುದಕ್ಕೆ ಕೆಂಪು ದೀಪ. ನಾವಿಕ ಎತ್ತ ತಿರುಗಿದ್ದರೂ ಅದು ಬದಲಾಗುವುದಿಲ್ಲ. ಮೂರ್ತಿಗಳಿಗೂ ಇದೇ ನಿಯಮ. ಅರ್ಧನಾರೀಶ್ವರನ ಬಲಾರ್ಧ ಶಿವ, ಎಡಾರ್ಧ ಪಾರ್ವತಿ ಎನ್ನುವಾಗ ಅದು ಮೂರ್ತಿಯದೇ ಬಲ. ಎದುರಿಗೆ ಕೈಮುಗಿದು ನಿಂತವರಿಗೆ ಶಿವಭಾಗ ಎಡಕ್ಕೆ ಕಾಣುತ್ತದೆ.

ಮುಖವಿಲ್ಲದ ವಸ್ತುಗಳ ಮಾತು ಬೇರೆ. ಮರಕ್ಕೋ ಬಾವಿಗೋ ಕಂಬಕ್ಕೋ ಸ್ವಂತ ಬಲವಿಲ್ಲ. ‘ಮರದ ಬಲಕ್ಕೆ’ ಎಂದರೆ ಮರವನ್ನು ನೋಡುತ್ತಿರುವವರ ಬಲಕ್ಕೆ. ಮರದ ಆಚೆ ಬದಿಯಲ್ಲಿ ನಿಂತವರಿಗೆ ಅದೇ ಜಾಗ ಮರದ ಎಡಕ್ಕೆ ಬರುತ್ತದೆ, ಮತ್ತು ಇಬ್ಬರ ಮಾತೂ ಸರಿಯೇ. ನಾಣ್ಯ, ಗುಂಡಿ, ಬೆಣಚುಕಲ್ಲುಗಳನ್ನು ಸಾಲಾಗಿ ಇಟ್ಟು ಅಭ್ಯಾಸ ಮಾಡಿಸಿ. ನಡುವಿನ ವಸ್ತು ಒಂದರ ಬಲಕ್ಕೂ ಇನ್ನೊಂದರ ಎಡಕ್ಕೂ ಏಕಕಾಲದಲ್ಲಿ ಇರಬಲ್ಲದು ಎಂಬುದನ್ನು ಒಪ್ಪಲು ಮಕ್ಕಳು ಹಿಂದೆಗೆಯುತ್ತಾರೆ. ಮೇಜಿನ ಆಚೆ ಬದಿಗೆ ಹೋಗಿ ನೋಡಲು ಹೇಳಿ.

ಕಟ್ಟಡಗಳು ಇವೆರಡರ ನಡುವೆ ಸಿಕ್ಕಿಕೊಂಡಿವೆ. ‘ಮನೆಯ ಬಲಭಾಗದ ಕೋಣೆ’ ಎಂದರೆ ಹೊಸ್ತಿಲಲ್ಲಿ ನಿಂತು ಬೀದಿಯನ್ನು ನೋಡುವವರ ಬಲವೋ, ಬೀದಿಯಿಂದ ಒಳಗೆ ಬರುವವರ ಬಲವೋ? ಬಳಕೆ ಎರಡೂ ಬಗೆಯಲ್ಲಿದೆ. ಆದ್ದರಿಂದ ‘ಒಳಗೆ ಬರುವಾಗ ಬಲಕ್ಕೆ’ ಎಂದು ಪೂರ್ತಿಯಾಗಿ ಹೇಳಬೇಕು. ಆಸ್ತಿಪತ್ರಗಳ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ರಸ್ತೆ ಎಂದು ಬರೆಯುವ ರೂಢಿ ಇಂಥ ವಿವಾದಕ್ಕೆ ಎಡೆಕೊಡುವುದಿಲ್ಲ; ಪೆಟ್ಟಿಗೆಯಲ್ಲಿ ವರ್ಷಾನುಗಟ್ಟಲೆ ಇರುವ ಪತ್ರಕ್ಕೆ ಓದುವವರು ಎತ್ತ ಮುಖ ಮಾಡಿ ನಿಂತಿದ್ದಾರೆಂಬುದು ತಿಳಿಯದು.

ನದಿಗೆ ಮುಖವಿದೆ: ಅದು ಹರಿಯುವ ದಿಕ್ಕು. ನೀರು ಹೋಗುವ ಕಡೆಗೆ ನೋಡುತ್ತ ನಿಂತಾಗ ಬಲಕ್ಕೆ ಬರುವುದು ಬಲದಂಡೆ. ತುಂಗಭದ್ರೆಯ ಹೊಸಪೇಟೆ, ಹಂಪಿಗಳು ಬಲದಂಡೆಯಲ್ಲಿವೆ. ಮುನಿರಾಬಾದ್, ಆನೆಗೊಂದಿಗಳು ಎಡದಂಡೆಯಲ್ಲಿವೆ. ಆನೆಗೊಂದಿಯ ದಡದಲ್ಲಿ ನಿಂತು ಹಂಪಿಯನ್ನು ನೋಡಿದರೂ, ಹಂಪಿಯಿಂದ ಆನೆಗೊಂದಿಯನ್ನು ನೋಡಿದರೂ ದಂಡೆಗಳ ಹೆಸರು ಬದಲಾಗುವುದಿಲ್ಲ. ಎಡದಂಡೆ ಕಾಲುವೆ, ಬಲದಂಡೆ ಕಾಲುವೆ ಎಂಬ ಹೆಸರುಗಳನ್ನು ಈ ನಿಯಮದಿಂದಲೇ ಓದಬೇಕು.

ಹಂತ 6: ಇನ್ನೊಬ್ಬರಿಗೆ ದಾರಿ ಹೇಳುವ ಕ್ರಮ

ಫೋನಿನಲ್ಲಿ ದಾರಿ ಹೇಳುವವರು ತಾವು ದಿನವೂ ಬರುವ ದಾರಿಯನ್ನು ಮನಸ್ಸಿನಲ್ಲಿ ಕಾಣುತ್ತ ಬಲ ಎನ್ನುತ್ತಾರೆ. ಕೇಳುವವರು ಬೇರೊಂದು ಬದಿಯಿಂದ ಬರುತ್ತಿರುತ್ತಾರೆ. ಇದನ್ನು ತಪ್ಪಿಸಲು ನಾಲ್ಕು ಮಾತುಗಳನ್ನು ಇದೇ ಅನುಕ್ರಮದಲ್ಲಿ ಆಡಬೇಕು.

ಮೊದಲನೆಯದು ಜಾಗ: ‘ನೀವು ಈಗ ಎಲ್ಲಿದ್ದೀರಿ?’ ಎರಡನೆಯದು ಮುಖ: ‘ಬಸ್ ನಿಲ್ದಾಣ ನಿಮ್ಮ ಬೆನ್ನಿಗೆ ಇರಲಿ, ಅರಳಿಕಟ್ಟೆ ಎದುರಿಗೆ ಕಾಣಲಿ.’ ಬಲ ಎಂಬ ಪದ ಇನ್ನೂ ಬಂದಿಲ್ಲ ಎಂಬುದನ್ನು ಗಮನಿಸಿ. ಮೂರನೆಯದು ತಿರುವು: ‘ಕಟ್ಟೆಯ ಹತ್ತಿರ ಬಲಕ್ಕೆ ತಿರುಗಿ.’ ನಾಲ್ಕನೆಯದು ಸಾಕ್ಷಿ: ‘ತಿರುಗಿದ ಕೂಡಲೇ ಎಡಗಡೆಗೆ ಹಿಟ್ಟಿನ ಗಿರಣಿ ಸಿಗಬೇಕು, ಸಿಗದಿದ್ದರೆ ಮುಂದೆ ಹೋಗಬೇಡಿ.’ ಈ ನಾಲ್ಕನೆಯ ಮಾತನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ. ಅದಿಲ್ಲದಿದ್ದರೆ ತಪ್ಪು ತಿರುವು ಪತ್ತೆಯಾಗುವ ವೇಳೆಗೆ ಬಂದವರು ಊರಾಚೆ ಇರುತ್ತಾರೆ.

‘ಬಲಕ್ಕೆ ತಿರುಗಿ’ ಮತ್ತು ‘ಬಲಗಡೆ ಇದೆ’ ಎಂಬೆರಡನ್ನು ಬೆರೆಸಬೇಡಿ. ‘ಗಿರಣಿ ಹತ್ತಿರ ಬಲಗಡೆ’ ಎಂದಷ್ಟೇ ಹೇಳಿದರೆ ತಿರುಗಬೇಕೋ, ನೇರ ಹೋಗುತ್ತ ಬಲಬದಿಯ ಮನೆಯನ್ನು ನೋಡಬೇಕೋ ತಿಳಿಯುವುದಿಲ್ಲ. ನಲ್ಲಿ, ತಿರುಪು, ಗುಬಟುಗಳ ವಿಷಯದಲ್ಲಂತೂ ‘ಬಲಕ್ಕೆ ತಿರುಗಿಸು’ ಎಂಬುದು ಅರ್ಧ ಮಾತು. ತಿರುಪಿನ ಮೇಲಂಚು ಬಲಕ್ಕೆ ಹೋದಾಗ ಕೆಳಗಿನ ಅಂಚು ಎಡಕ್ಕೆ ಹೋಗುತ್ತಿರುತ್ತದೆ. ‘ಗಡಿಯಾರದ ಮುಳ್ಳು ಸುತ್ತುವಂತೆ’ ಎಂದು ಹೇಳಿ.

ದೃಷ್ಟಿಯಿಲ್ಲದವರಿಗೆ ದಾರಿ ಹೇಳುವಾಗ ಗಡಿಯಾರವನ್ನೇ ಆಧಾರವಾಗಿಟ್ಟುಕೊಳ್ಳಬಹುದು: ಎದುರು 12 ಗಂಟೆ, ಬಲ 3 ಗಂಟೆ, ಎಡ 9 ಗಂಟೆ. ‘ತುಸು ಬಲಕ್ಕೆ’ ಎನ್ನುವುದಕ್ಕಿಂತ ‘1 ಗಂಟೆಯ ಕಡೆಗೆ’ ಎನ್ನುವುದು ಹೆಚ್ಚು ಸ್ಪಷ್ಟ.

ಹಂತ 7: ವಾಹನದಲ್ಲಿ ಮತ್ತು ನಕ್ಷೆಯಲ್ಲಿ

ಪಕ್ಕದಲ್ಲಿ ಕುಳಿತು ದಾರಿ ಹೇಳುವವರಿಗೆ ಎಡಬಲ ತಡವರಿಸುತ್ತಿದ್ದರೆ ‘ಡ್ರೈವರ್ ಕಡೆ’, ‘ನನ್ನ ಕಡೆ’ ಎಂದು ಹೇಳಲಿ. ಭಾರತದ ಕಾರುಗಳಲ್ಲಿ ಚಾಲಕ ಬಲಕ್ಕೆ ಕೂರುವುದರಿಂದ ಡ್ರೈವರ್ ಕಡೆ ಎಂದರೆ ಬಲವೇ. ಅಮೆರಿಕದಲ್ಲಿರುವ ಕನ್ನಡಿಗರು ಈ ಉಪಾಯವನ್ನು ಜೊತೆಗೆ ಒಯ್ಯಬಾರದು. ಅಲ್ಲಿ ಚಾಲಕ ಎಡಕ್ಕೆ ಕೂರುತ್ತಾನೆ.

ವಾಹನವನ್ನು ಹಿಂದಕ್ಕೆ ತೆಗೆಯುವಾಗಲೂ ಅದರ ಬಲ ಬಲವೇ. ಹಿಂದಿನಿಂದ ಸನ್ನೆ ಮಾಡುವವರು ಚಾಲಕನಿಗೆ ಎದುರಾಗಿ ನಿಂತಿದ್ದರೆ ಬಾಯಿಂದ ಎಡಬಲ ಹೇಳದೆ, ಹೋಗಬೇಕಾದ ಕಡೆಗೆ ಕೈ ಚಾಚಿ ತೋರಿಸುವುದು ಕ್ಷೇಮ.

ನಕ್ಷೆಯಲ್ಲಿ ಉತ್ತರ ಮೇಲಿರುವುದು ವಾಡಿಕೆ. ಉತ್ತರಕ್ಕೆ ಹೋಗುವವರಿಗೆ ಕಾಗದದ ಬಲವೇ ರಸ್ತೆಯ ಬಲ. ದಕ್ಷಿಣಕ್ಕೆ ಹೋಗುವವರಿಗೆ ಬಲವೆಂದರೆ ಪಶ್ಚಿಮ, ಅಂದರೆ ಕಾಗದದ ಎಡ. ತಲೆಯಲ್ಲೇ ತಿರುಗಿಸಿಕೊಳ್ಳುವ ಸಾಹಸ ಬೇಡ. ಹೋಗುವ ದಿಕ್ಕು ಮೇಲೆ ಬರುವಂತೆ ಕಾಗದವನ್ನೇ ತಿರುಗಿಸಿ. ಫೋನಿನ ನಕ್ಷೆಯಲ್ಲೂ ಹೋಗುವ ದಿಕ್ಕನ್ನು ಮೇಲಿಡುವ ಆಯ್ಕೆ ಇರುತ್ತದೆ. ನಿಂತಲ್ಲೇ ನಿಂತಾಗ ಅದು ನಿಮ್ಮ ಮುಖವನ್ನು ತಪ್ಪಾಗಿ ಊಹಿಸಿರಬಹುದಾದ್ದರಿಂದ ಹತ್ತಿಪ್ಪತ್ತು ಹೆಜ್ಜೆ ನಡೆದು, ಬಾಣ ಸರಿಹೋದ ಮೇಲೆ ಅದರ ಮಾತನ್ನು ನಂಬಿ.

ಹಂತ 8: ಆಸ್ಪತ್ರೆಯಲ್ಲಿ

ವೈದ್ಯಕೀಯದಲ್ಲಿ ಬಲ ಎಂದರೆ ಯಾವಾಗಲೂ ರೋಗಿಯ ಬಲ. ಎದೆಯ ಎಕ್ಸ್‌ರೇಯನ್ನು ರೋಗಿ ನಮಗೆ ಎದುರಾಗಿ ನಿಂತಂತೆ ಇಟ್ಟು ನೋಡುವುದರಿಂದ, ಚಿತ್ರದ ಎಡಕ್ಕೆ ಕಾಣುವುದು ರೋಗಿಯ ಬಲ ಪಕ್ಕ. ಅದಕ್ಕಾಗಿಯೇ ಚಿತ್ರದಲ್ಲಿ ಪಕ್ಕವನ್ನು ಸೂಚಿಸುವ ಅಕ್ಷರವಿರುತ್ತದೆ. ನೋವಿನ ಜಾಗವನ್ನು ಬಾಯಿಂದ ಹೇಳುವುದರ ಜೊತೆಗೆ ಕೈಯಿಂದ ಮುಟ್ಟಿ ತೋರಿಸಿ. ವಯಸ್ಸಾದ ಅತ್ತೆಯವರಿಗೋ ತಂದೆಯವರಿಗೋ ಕಣ್ಣಿನ ಹನಿ ಹಾಕುವವರು ಅವರಿಗೆ ಎದುರಾಗಿ ನಿಂತಿರುತ್ತಾರೆಂಬುದನ್ನು ಮರೆಯಬೇಡಿ. ಶಸ್ತ್ರಚಿಕಿತ್ಸೆಗೆ ಮುನ್ನ ಪಕ್ಕವನ್ನು ರೋಗಿಯಿಂದಲೇ ಖಚಿತಪಡಿಸಿಕೊಳ್ಳುವುದೂ, ಜಾಗಕ್ಕೆ ಗುರುತು ಹಾಕಿದೆಯೇ ಎಂದು ನೋಡುವುದೂ ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿವೆ. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೆಂದು ಬೇಸರಪಡಬೇಡಿ. ಯಾರೂ ಕೇಳದಿದ್ದರೆ ನೀವೇ ಹೇಳಿ.

ಎಚ್ಚರಿಕೆಯ ಲಕ್ಷಣಗಳು

ಕಲಿಕೆ ದಾರಿತಪ್ಪಿದೆ ಎಂದು ತಿಳಿಸುವ ಸೂಚನೆಗಳಿವೆ. ಮಗು ಉತ್ತರ ಹೇಳುವ ಮೊದಲು ನಿಮ್ಮ ಮುಖವನ್ನು ನೋಡುತ್ತಿದ್ದರೆ ಅದು ಊಹಿಸುತ್ತಿದೆ. ಒಂದೇ ಕೋಣೆಯಲ್ಲಿ ಸರಿಯಾಗಿ ಹೇಳಿ ಬೇರೆಡೆ ತಪ್ಪಿದರೆ ಮೂರನೆಯ ಹಂತ ಮುಗಿದಿಲ್ಲ. ಎದುರಿನವರ ವಿಷಯದಲ್ಲಿ ಪ್ರತಿ ಸಲವೂ ತಪ್ಪಿದರೆ ಅದು ತನ್ನ ಬಲವನ್ನೇ ಹೇಳುತ್ತಿದೆ. ಒಮ್ಮೆ ಸರಿ, ಒಮ್ಮೆ ತಪ್ಪು ಆದರೆ ಮೊದಲನೆಯ ಹಂತಕ್ಕೇ ಹಿಂತಿರುಗಬೇಕು.

ಎಡಬಲದಲ್ಲಿ ತಡವರಿಸುವ ಆರೋಗ್ಯವಂತ ವಯಸ್ಕರು ಅಪರೂಪವಲ್ಲ. ಅವಸರದಲ್ಲಿ ಮಾತು ತಪ್ಪುವವರು ಮೊದಲು ಕೈ ತೋರಿಸಿ ಆಮೇಲೆ ಹೆಸರು ಹೇಳುವ ಅಭ್ಯಾಸ ಮಾಡಿಕೊಂಡರೆ ಸಾಕು. ಒಂಬತ್ತು ಹತ್ತು ವರ್ಷದ ಮಗುವಿಗೆ ತನ್ನ ಬಲಗೈಯೇ ಗೊತ್ತಾಗದೆ, ಜೊತೆಗೆ ಓದು ಬರಹ ಲೆಕ್ಕಗಳಲ್ಲೂ ತೊಂದರೆಯಿದ್ದರೆ ಮಕ್ಕಳ ವೈದ್ಯರನ್ನೋ ಕಲಿಕಾ ತಜ್ಞರನ್ನೋ ಕಾಣಬೇಕು.

ಜೀವನವಿಡೀ ಸರಿಯಾಗಿದ್ದ ವಯಸ್ಕರಲ್ಲಿ ಈ ಗೊಂದಲ ಹೊಸದಾಗಿ ಕಾಣಿಸಿಕೊಂಡರೆ ಅದನ್ನು ಅಭ್ಯಾಸದಿಂದ ತಿದ್ದಲು ಕೂರಬಾರದು. ಎಡಬಲ ತಿಳಿಯದಿರುವುದು, ಬೆರಳುಗಳನ್ನು ಗುರುತಿಸಲಾಗದಿರುವುದು, ಬರೆಯಲಾಗದಿರುವುದು, ಸರಳ ಲೆಕ್ಕ ಬಾರದಿರುವುದು ಒಟ್ಟಿಗೆ ಕಂಡುಬಂದರೆ ಅದನ್ನು ಗೆರ್ಸ್ಟ್‌ಮನ್ ಲಕ್ಷಣಕೂಟ ಎನ್ನುತ್ತಾರೆ. ಮಿದುಳಿನ ಎಡಭಾಗಕ್ಕಾದ ಹಾನಿಯನ್ನು ಅದು ಸೂಚಿಸಬಹುದು. ಗೊಂದಲ ಥಟ್ಟನೆ ಆರಂಭವಾಗಿ, ಬಾಯಿ ಸೊಟ್ಟಗಾಗುವುದು, ಒಂದು ಕೈಯ ಶಕ್ತಿ ಕುಂದುವುದು, ಮಾತು ತೊದಲುವುದು ಇವುಗಳಲ್ಲಿ ಯಾವುದಾದರೂ ಜೊತೆಗಿದ್ದರೆ ಅದು ಪಾರ್ಶ್ವವಾಯು ಆಗಿರಬಹುದು: ಲಕ್ಷಣ ಶುರುವಾದ ಸಮಯವನ್ನು ಬರೆದಿಟ್ಟುಕೊಂಡು ತಕ್ಷಣ 108ಕ್ಕೆ ಕರೆ ಮಾಡಿ.